ಕಡಲ ಗೆರೆ ವಾಲದ ಹಾಗೆ: ನನ್ನ ಅನುಭವ

ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಅಲ್ಲಿ ಸಂಜೆ ಹೊತ್ತು ತೆಗೆದ ನನ್ನ ಮೊದಮೊದಲ ಫೋಟೋಗಳಲ್ಲಿ ಕಡಲಿನ ನೀರೆಲ್ಲ ಎಡಕ್ಕೆ ಹರಿದುಹೋಗುವ ಹಾಗೆ ಕಾಣುತ್ತಿತ್ತು. ದಿಗಂತ ವಾಲಿದ್ದು ಬರೀ ಒಂದು ಡಿಗ್ರಿ. ಆದರೆ 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅಷ್ಟಕ್ಕೇ ಈ ತುದಿಗೂ ಆ ತುದಿಗೂ ನೂರಕ್ಕಿಂತ ಜಾಸ್ತಿ ಪಿಕ್ಸೆಲ್ ಏರುಪೇರಾಗುತ್ತದೆ.

ಕ್ಯಾಮೆರಾ ಸಮವಾಗಿದೆಯಾ ಅಂತ ತೋರಿಸುವ ಲೆವೆಲ್ ನೋಡಿಯೇ ಟ್ರೈಪಾಡ್ ನಿಲ್ಲಿಸಿದ್ದೆ. ಮತ್ತೆ ಹೇಗೆ ವಾಲಿತು? ಮುಂದಿನ ಸಲ ಫೋಟೋ ಬಿಟ್ಟು ಟ್ರೈಪಾಡಿನ ಕಾಲುಗಳನ್ನೇ ನೋಡುತ್ತ ನಿಂತೆ. ಅಲೆ ಬಂತು. ವಾಪಸ್ ಹೋಗುವಾಗ ಬಲಗಾಲಿನ ಬುಡದ ಮರಳನ್ನೂ ಎಳೆದುಕೊಂಡು ಹೋಯಿತು. ಕಾಲು ಒಂದು ಬೆರಳಿನಷ್ಟು ಇಳಿಯಿತು. ಅಷ್ಟೇ ಸಾಕಾಗಿತ್ತು.

ಈಗ ಮೊದಲು ಮೂರೂ ಕಾಲುಗಳನ್ನು ಮರಳಿಗೆ ಗಟ್ಟಿಯಾಗಿ ಒತ್ತುತ್ತೇನೆ. ಒಂದೆರಡು ಅಲೆ ಬಂದು ಹೋಗಲಿ ಅಂತ ಕಾಯುತ್ತೇನೆ. ಲೆವೆಲ್ ನೋಡುವುದು ಆಮೇಲೆ. ಕ್ಯಾಮೆರಾ ಕೂರಿಸುವ, ಎಲ್ಲ ಕಡೆ ತಿರುಗುವ ಬಾಲ್ ಹೆಡ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ನೋಡಲೇಬೇಕು, ಬಿಗಿ ಮಾಡುವಾಗಲೇ ಅದು ಚೂರು ಜಾರುತ್ತದೆ. 30 ಸೆಕೆಂಡಿನ ಎಕ್ಸ್‌ಪೋಷರ್ ಇದ್ದರೆ ಪ್ರತಿ ಸಲವೂ ನೋಡುತ್ತೇನೆ.

ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡಬಹುದು ಅಲ್ವಾ ಅಂತ ಕೇಳುತ್ತಾರೆ. ಮಾಡಬಹುದು. ಆದರೆ ಎರಡು ಡಿಗ್ರಿ ತಿರುಗಿಸಿದರೆ ಚಿತ್ರದ ಹತ್ತರಲ್ಲಿ ಒಂದು ಪಾಲು ಕತ್ತರಿಸಿ ಹೋಗುತ್ತದೆ. ಅಂಚಿನಲ್ಲಿ ಕಾದು ಹಿಡಿದ ದೋಣಿಯೋ ತೆಂಗಿನ ಗರಿಯೋ ಸುಮ್ನೆ ಹೋದರೆ ಹೊಟ್ಟೆ ಉರಿಯುತ್ತದೆ. ವೈಡ್ ಲೆನ್ಸಿನಲ್ಲಿ ದಿಗಂತವನ್ನು ತೀರಾ ಮೇಲೆ ಅಥವಾ ಕೆಳಗೆ ಇಟ್ಟರೆ ಗೆರೆಯೇ ಬಾಗುತ್ತದೆ. ಹಾಗಿದ್ದಾಗ ಮೊದಲು ಲೆನ್ಸ್ ಕರೆಕ್ಷನ್, ಅಂದರೆ ಆ ಬಾಗನ್ನು ಸಾಫ್ಟ್‌ವೇರಿನಲ್ಲಿ ನೇರ ಮಾಡುವುದು, ಆಮೇಲೆ ತಿರುಗಿಸುವುದು.

ನನಗೆ ಜಾಸ್ತಿ ಕಷ್ಟ ಕೊಟ್ಟಿದ್ದು ಕಡಲಲ್ಲ, ಲಿಂಗನಮಕ್ಕಿ ಹಿನ್ನೀರು. ಅಲ್ಲಿ ಆಚೆ ದಡ ದಿಗಂತದ ಹಾಗೆ ಕಾಣುತ್ತದೆ, ಆದರೆ ಅದು ದಿಗಂತವಲ್ಲ. ದಡದ ಒಂದು ತುದಿ ನಮಗೆ ಹತ್ತಿರ, ಇನ್ನೊಂದು ದೂರ ಇರುತ್ತದೆ. ಹಾಗಾಗಿ ಕ್ಯಾಮೆರಾ ನೆಟ್ಟಗಿದ್ದರೂ ಆ ಗೆರೆ ಓರೆಯಾಗಿಯೇ ಬರುತ್ತದೆ. ಅದನ್ನು ಸಮ ಮಾಡಲು ಹೋಗಿ ಮರಗಳನ್ನೆಲ್ಲ ವಾಲಿಸಿಬಿಟ್ಟಿದ್ದೆ.

ದಾರಿ ತೋರಿಸಿದ್ದು ನೀರಿನಲ್ಲಿ ನಿಂತ ಒಂದು ಒಣ ಬೊಡ್ಡೆ. ನೀರು ಅಲುಗದೆ ಇದ್ದಾಗ ಬೊಡ್ಡೆಯ ತುದಿ ಮತ್ತು ನೀರಿನಲ್ಲಿ ಕಾಣುವ ಅದರ ಪ್ರತಿಬಿಂಬದ ತುದಿ, ಎರಡೂ ಒಂದೇ ನೇರಕ್ಕೆ ಮೇಲೆ ಕೆಳಗೆ ಇರುತ್ತವೆ. ಬೊಡ್ಡೆಯೇ ವಾಲಿದ್ದರೂ ಇದು ತಪ್ಪುವುದಿಲ್ಲ. ಚಿತ್ರದ ನಡುವಿನ ಬೊಡ್ಡೆಯೊಂದನ್ನು ಆರಿಸಿ, ಆ ಎರಡು ತುದಿಗಳನ್ನು ಪರದೆಯ ಮೇಲೆ ಕಾಣುವ ಚೌಕುಳಿ ಗೆರೆಗಳ, ಅಂದರೆ ಗ್ರಿಡ್ಡಿನ, ನಿಲುವು ಗೆರೆಗೆ ಕೂರಿಸಿದೆ. ಮರಗಳು ನೆಟ್ಟಗೆ ನಿಂತವು. ದಡ ಓರೆಯಾಗಿಯೇ ಇದೆ. ಅದನ್ನು ಹಾಗೇ ಬಿಟ್ಟಿದ್ದೇನೆ.