ಒಂದೇ ಆವಿಗೆಯಲ್ಲಿ ಕಪ್ಪು-ಕೆಂಪು ಬಟ್ಟಲು: ನನ್ನ ಅನುಭವ

ಹೋದ ಫೆಬ್ರವರಿಯಲ್ಲಿ ಆರನೇ ಆವಿಗೆ ತೆಗೆದಾಗ ಹನ್ನೊಂದು ಬಟ್ಟಲುಗಳಲ್ಲಿ ಎಂಟು ಸರಿಯಾಗಿ ಬಂದವು. ಒಳಗೆಲ್ಲ ಕಪ್ಪು, ಬಾಯಂಚು ಕಪ್ಪು, ಹೊರಮೈ ಇಟ್ಟಿಗೆ ಕೆಂಪು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಅಗೆಸಿದಾಗ ಕಲ್ಲುಗೋರಿಗಳಲ್ಲಿ ಸಿಕ್ಕಿದ್ದವಲ್ಲ, ಅದೇ ಜಾತಿ. ಎರಡು ಸಲ ಸುಡದೆ ಈ ಬಣ್ಣ ಬರಲ್ಲ, ಸುಮ್ನೆ ದುಡ್ಡು ಹಾಳು ಅಂದವರು ಬಹಳ ಜನ. ಒಂದೇ ಸಲಕ್ಕೆ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಮಣ್ಣು ಹದ ಮಾಡೋದು ನಿಮಗೆಲ್ಲ ಗೊತ್ತು, ಬಿಡಿ. ಊರಿನ ಕುಂಬಾರ ಅಜ್ಜ ತಿಗರಿ ಮೇಲೆ ಬಟ್ಟಲು ತೆಗೆದುಕೊಟ್ಟರು. ಕೆಮ್ಮಣ್ಣು ಬಳಿದು ನುಣುಪು ಕಲ್ಲಿನಲ್ಲಿ ತಿಕ್ಕಿದ್ದು ನಾನು.

ಮೊದಲ ಸಲ ಬಟ್ಟಲನ್ನು ಬೋರಲು ಹಾಕಿ, ಒಳಗೆ ಭತ್ತದ ಹೊಟ್ಟು ಗಿಡಿದು, ಮೇಲೆ ಕುಳ್ಳು ಒತ್ತಾಗಿ ಜೋಡಿಸಿದೆ. ಗಾಳಿಯೇ ಆಡಲಿಲ್ಲ, ಪೂರ್ತಿ ಕಪ್ಪಾದವು. ಎರಡನೇ ಸಲ ಸಡಿಲ ಬಿಟ್ಟೆ, ಹೊಟ್ಟೆಲ್ಲ ಉರಿದು ಒಳಗೂ ಕೆಂಪು. ಮೂರನೇದು ಮಳೆಗಾಲ, ಹಸಿ ಆರಿರಲಿಲ್ಲ, ಹದಿನಾಲ್ಕೂ ಸಿಡಿದವು. ನಾಲ್ಕನೇದು ನನ್ನ ಕಣ್ಣು ತೆರೆಸಿತು. ತಡೆಯಲಾಗದೆ ಸಂಜೆಗೇ ಒಂದು ಬಟ್ಟಲನ್ನು ಇಕ್ಕಳದಲ್ಲಿ ಎತ್ತಿದೆ. ಒಳಗೆ ಇದ್ದಿಲಿನಂಥ ಕಪ್ಪು. ನೋಡುತ್ತಿದ್ದಂತೆ ಅಂಚಿನಿಂದ ಬೂದು ಬಣ್ಣ ಹರಡಿತು, ಅದರ ಹಿಂದೆಯೇ ಕೆಂಪು. ಆವಿಗೆಯೊಳಗೆ ಇನ್ನೂ 600 ಡಿಗ್ರಿ ಹತ್ತಿರ ಇತ್ತು, ಗಾಳಿ ತಾಗಿದ್ದೇ ತಡ ಮಣ್ಣಿನಲ್ಲಿ ಕೂತಿದ್ದ ಇಂಗಾಲ ಉರಿದುಹೋಯಿತು. "ಅವಸರ ಯಾಕಪ್ಪ, ಬೂದಿ ಮುಚ್ಚಿ ಬೆಳಗಿನ ತನಕ ಬಿಡು" ಅಂದರು ಅಜ್ಜ. ಐದನೇ ಸಲ ಹಾಗೇ ಬಿಟ್ಟೆ, ಅರ್ಧದಷ್ಟು ಬಂದವು. ಹೊಟ್ಟಿನ ಜೊತೆ ಈಗ ಇನ್ನೊಂದು ಪದಾರ್ಥ ಬೆರೆಸುತ್ತೇನೆ. ಅದು ಏನು, ಎಷ್ಟು ಅನ್ನೋದನ್ನು ಸದ್ಯಕ್ಕೆ ಹೇಳಲ್ಲ.

ಬಣ್ಣ ಬಂದರೆ ಸಾಲದು, ಹಳೇ ಬೋಕಿಗೂ ತಾಳೆಯಾಗಬೇಕು, ಅಲ್ವಾ? ಹಳೇ ಚೂರುಗಳಿಗೆ ಅನುಮತಿ ಸಿಗಲು ಎಂಟು ತಿಂಗಳಾಯಿತು. ಅವು ಮೊದಲು ಎಷ್ಟು ಶಾಖದಲ್ಲಿ ಬೆಂದಿದ್ದವು ಅಂತ ಅಂದಾಜು ಮಾಡಲು, ಉಗುರಿನಷ್ಟು ತುಣುಕುಗಳನ್ನು ಮಫಲ್ ಫರ್ನೇಸಿನಲ್ಲಿ (ಬೇಕಾದಷ್ಟೇ ಶಾಖ ಕೊಡಬಹುದಾದ ಕುಲುಮೆ) ಗಂಟೆಗಟ್ಟಲೆ ಮತ್ತೆ ಸುಟ್ಟೆ. 500ರಲ್ಲಿ ಏನೂ ಆಗಲಿಲ್ಲ. 600ರಲ್ಲಿ ಕಪ್ಪು ಮಾಸಿತು, 700ಕ್ಕೆ ಪೂರ್ತಿ ಹೋಯಿತು. ಹೊರಗಿನ ಕೆಂಪು ಮಾತ್ರ 800 ದಾಟುವವರೆಗೂ ಅಲುಗಲಿಲ್ಲ. ನನ್ನ ಬಟ್ಟಲಿನ ಚೂರುಗಳೂ ಹೆಚ್ಚುಕಮ್ಮಿ ಹಾಗೇ ನಡೆದುಕೊಂಡವು. ನನ್ನ ಆವಿಗೆ ಏರಿದ್ದು 740ರ ಆಸುಪಾಸು.

ಎರಡು ಸಲ ಸುಡುವ ದಾರಿಯನ್ನೂ ನಾಲ್ಕು ಬಟ್ಟಲಲ್ಲಿ ನೋಡಿದೆ. ಬಣ್ಣ ಬರುತ್ತದೆ, ಸುಳ್ಳು ಹೇಳಲ್ಲ. ಆದರೆ ತಿಕ್ಕಿದ ಹೊಳಪು ಕುಂದಿತು, ಮೂರು ಬಿರುಕುಬಿಟ್ಟವು, ಸೌದೆ ದುಪ್ಪಟ್ಟು. ಹೊಟ್ಟೆಪಾಡಿಗೆ ಮಡಕೆ ಮಾಡುವವನು ಆ ದಾರಿ ಹಿಡಿದಾನೆಂದು ನನಗೆ ಅನ್ನಿಸಲ್ಲ.

ಖರ್ಚು ಎರಡು ವರ್ಷಕ್ಕೆ ಮೂವತ್ತೆಂಟು ಸಾವಿರ ಇರಬೇಕು. ಆವಿಗೆಯ ಶಾಖ ಅಳೆಯುವ ಥರ್ಮೋಕಪಲ್ ಎರಡು ಸುಟ್ಟುಹೋದವು. ಥಿನ್ ಸೆಕ್ಷನ್ (ಸೂಕ್ಷ್ಮದರ್ಶಕದಲ್ಲಿ ನೋಡಲು ಚೂರನ್ನು ತೀರಾ ತೆಳ್ಳಗೆ ಉಜ್ಜಿದ ಹಲ್ಲೆ) ನಾನೇ ಉಜ್ಜುತ್ತೇನೆಂದು ಹೊರಟು, ಚೂರು ಗಟ್ಟಿ ಹಿಡಿಯುವ ರೆಸಿನ್ ಅಂಟನ್ನು ಸರಿಯಾಗಿ ಇಳಿಸದೆ ಎರಡು ಚೂರು ಪುಡಿಯಾದವು. ಆಮೇಲೆ ಒಂದಕ್ಕೆ ಸಾವಿರದಿನ್ನೂರು ಕೊಟ್ಟು ಹೊರಗೆ ಮಾಡಿಸಿದೆ. ಹೊಟ್ಟು ಮಾತ್ರ ಗಿರಣಿಯಲ್ಲಿ ಬಿಟ್ಟಿ.

ನಡುವೆ ಇನ್ನೊಂದು ಹುಚ್ಚು ಹತ್ತಿತು. ಒಳಗೆ ಕಪ್ಪಾದರೆ ನೀರು ಜಿನುಗೋದು ಕಮ್ಮಿಯಾಗುತ್ತಾ? ಅರ್ಧ ಲೀಟರ್ ನೀರು ಹಾಕಿ ರಾತ್ರಿ ಇಟ್ಟೆ. ಬರೀ ಕೆಂಪು ಬಟ್ಟಲಲ್ಲಿ ಸುಮಾರು 90 ಮಿಲಿ ಹೋಗಿತ್ತು, ಕಪ್ಪು-ಕೆಂಪಿನಲ್ಲಿ 60. ಆಮೇಲೆ ಎರಡರಲ್ಲೂ ಮೂರು ಸಲ ಕೊರಲೆ ಗಂಜಿ ಕಾಯಿಸಿದೆ, ಜಿನುಗೋದು ಬಹುತೇಕ ನಿಂತೇಹೋಯಿತು. ಕೊರಲೆ, ಹುರುಳಿ ಈ ಗೋರಿಗಳಿಗಿಂತ ಮುಂಚೆಯೇ, ನವಶಿಲಾಯುಗದಿಂದಲೂ ನಮ್ಮ ಕಡೆ ಬೆಳೆದವು. ಹಾಗಾಗಿ ಈಗ ಹಳೇ ಬೋಕಿಯ ಗೋಡೆಯೊಳಗೆ ಯಾವ ಜಿಡ್ಡು ಇಳಿದಿದೆ ಅಂತ ನೋಡಬೇಕು. ಆ ಪರೀಕ್ಷೆಗೆ ಒಂದು ಚೂರಿಗೆ ಒಂಬತ್ತು ಸಾವಿರ ಕೇಳಿದ್ದಾರೆ. ಮೂರಕ್ಕೆ ದುಡ್ಡು ಕೂಡಿಸುತ್ತಿದ್ದೇನೆ. ಹೋಲಿಸಿ ನೋಡಲು ನನ್ನ ಗಂಜಿ ಬಟ್ಟಲಿನದೂ ಒಂದು ಚೂರು ಜೊತೆಗೆ ಹೋಗುತ್ತದೆ.