ಹಾಡು ಬರೆದು ಬಾನುಲಿಯಲ್ಲಿ ಮಾತನಾಡಬಯಸುವವರಿಗೆ

ಜರ್ಮನಿಯಲ್ಲಿ ಪಾಪ್ ಗೀತೆ ಬರೆಯುತ್ತ ರೇಡಿಯೊ ನಿರೂಪಣೆಯನ್ನೂ ಮಾಡುವವರು ತಮ್ಮ ರಚನೆಗಳನ್ನು ‘ಗೇಮಾ’ ಸಂಸ್ಥೆಯಲ್ಲಿ ನೋಂದಾಯಿಸಿದರೆ, ಹಾಡು ಪ್ರಸಾರವಾದಾಗ ಅವರಿಗೆ ರಾಯಲ್ಟಿ ಸಲ್ಲುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಇಂಥದೇ ಜೋಡಿ ವೃತ್ತಿ ಹಿಡಿಯಬಯಸುವವರು 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಪ್ರಕಟಣೆಗಳನ್ನು ಗಮನಿಸುತ್ತಿರಬೇಕು. ತಾತ್ಕಾಲಿಕ ಉದ್ಘೋಷಕರನ್ನು ಕರೆದಾಗ ಅರ್ಜಿ ಸಲ್ಲಿಸಿ, ಲಿಖಿತ ಪರೀಕ್ಷೆಗೂ ಧ್ವನಿ ಪರೀಕ್ಷೆಗೂ ಸಿದ್ಧರಾಗಬೇಕು.

ಧ್ವನಿ ಪರೀಕ್ಷೆಗೆ ಹಾಳೆಗಳನ್ನು ಪಿನ್ ಮಾಡದೆ ಬಿಡಿಯಾಗಿ ಒಯ್ಯಿರಿ. ಮಗುಚುವ ಸಪ್ಪಳ ಮೈಕಿಗೆ ಕೇಳದಂತೆ, ಓದಿ ಮುಗಿದ ಹಾಳೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿರಿ. ಮೈಕಿನಿಂದ ಸುಮಾರು ಒಂದು ಗೇಣು ದೂರವಿದ್ದು, ಮುಖವನ್ನು ತುಸು ಓರೆಯಾಗಿಟ್ಟುಕೊಂಡರೆ ಪ, ಫ, ಭ ಅಕ್ಷರಗಳ ಉಸಿರು ನೇರವಾಗಿ ಬಡಿಯುವುದಿಲ್ಲ. ನಮ್ಮ ಭಾಗದ ಮಾತಿನ ಧಾಟಿಯನ್ನು ಪೂರ್ತಿ ಅಳಿಸಿಹಾಕುವ ಅಗತ್ಯ ನನಗಂತೂ ಕಾಣುವುದಿಲ್ಲ.

ಸಿದ್ಧ ಧಾಟಿಗೆ ಹಾಡು ಬರೆಯುವಾಗ, ಸ್ವರ ಎಳೆಯುವ ಜಾಗದಲ್ಲಿ ದೀರ್ಘಾಕ್ಷರವೇ ಬೀಳುವಂತೆ ಪದಗಳನ್ನು ಆಯ್ದುಕೊಳ್ಳಬೇಕು. ಇಲ್ಲವಾದರೆ ಗಾಯಕರ ಬಾಯಲ್ಲಿ ‘ಮಳೆ’ ‘ಮಾಳೆ’ಯಾಗುತ್ತದೆ.

ಕರಾರಿಗೆ ಸಹಿ ಹಾಕುವ ಮುನ್ನ ಅದನ್ನು ಪೂರ್ತಿ ಓದಿರಿ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಚಿತ್ರಗೀತೆಯು ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ರಚನಕಾರರಿಗೆ ಸಮಪಾಲಿದ್ದು, ಅದನ್ನು ನಿರ್ಮಾಪಕರಿಗೆ ಬರೆದುಕೊಡಲು ಬರುವುದಿಲ್ಲ. ಅದನ್ನು ವಸೂಲಿ ಮಾಡಿಕೊಡುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವವನ್ನು ಮೊದಲ ಹಾಡು ಬಿಡುಗಡೆಯಾದ ಕೂಡಲೇ ಪಡೆಯುವುದು ಒಳ್ಳೆಯದು.