ತಪ್ಪು ಮೀನನ್ನು ನೋಡ್ತಾ ಇದ್ದೆ

ಗಪ್ಪಿ ಮೀನು ಸಾಕುವವರ ಕಣ್ಣೆಲ್ಲ ಗಂಡಿನ ಮೇಲೇ. ನನ್ನದೂ ಹಾಗೇ ಇತ್ತು. ಮೈಮೇಲೆ ಕಿತ್ತಳೆ ಚುಕ್ಕೆ, ಬೀಸಣಿಗೆಯಂಥ ಬಾಲ, ಎಲ್ಲಾ ಅದಕ್ಕೇ. ಹೆಣ್ಣು ನೋಡಿದರೆ ಬೂದು ಬಣ್ಣದ, ಹೊಟ್ಟೆ ಉಬ್ಬಿದ ಸಾದಾ ಮೀನು. ಆದರೆ ಈ ಸಿಂಗಾರವೆಲ್ಲ ಯಾರಿಗೋಸ್ಕರ? ಹೆಣ್ಣುಗಳು ತಲೆತಲೆಮಾರು ಆರಿಸುತ್ತಾ ಬಂದದ್ದರಿಂದಲೇ ಗಂಡುಗಳ ಅಲಂಕಾರ ಬೆಳೆಯಿತು ಅಂತ ಡಾರ್ವಿನ್ 1871ರಲ್ಲೇ ವಾದಿಸಿದ್ದ. ಅದನ್ನು ಕಣ್ಣಾರೆ ನೋಡೋಣ ಅನ್ನಿಸಿತು.

ಟ್ಯಾಂಕಿನ ಎರಡು ತುದಿಗೂ ಒಂದೊಂದು ಗಾಜಿನ ಜಾಡಿ ಇಟ್ಟೆ. ಒಂದರಲ್ಲಿ ಕಿತ್ತಳೆ ಜಾಸ್ತಿ ಇದ್ದ ಗಂಡು, ಇನ್ನೊಂದರಲ್ಲಿ ಮಂಕು ಗಂಡು. ನಡುವೆ ಹೆಣ್ಣನ್ನು ಬಿಟ್ಟು, ಯಾವ ಜಾಡಿ ಹತ್ತಿರ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಗಡಿಯಾರ ಹಿಡಿದು ಕೂತೆ. ಮೊದಲ ದಿನ ಅದು ಮಂಕು ಗಂಡನ್ನು ಬಿಟ್ಟು ಕದಲಲೇ ಇಲ್ಲ. ಡಾರ್ವಿನ್‌ನನ್ನೇ ಸೋಲಿಸಿದೆ ಅಂದುಕೊಂಡೆ! ಮರುದಿನ ಜಾಡಿಗಳನ್ನು ಅದಲು ಬದಲು ಮಾಡಿದರೆ, ಹೆಣ್ಣು ಮತ್ತೆ ಅದೇ ಮೂಲೆಯಲ್ಲಿ. ಅದು ಆರಿಸಿದ್ದು ಗಂಡನ್ನಲ್ಲ, ಕಿಟಕಿ ಬೆಳಕು ಬೀಳದ ಜಾಗವನ್ನು. ಆಮೇಲೆ ಟ್ಯಾಂಕಿನ ಸುತ್ತ ಕಾಗದ ಅಂಟಿಸಿ, ಪ್ರತಿ ಹೆಣ್ಣನ್ನೂ ಜಾಡಿ ಬದಲಿಸಿ ಎರಡೆರಡು ಸಲ ನೋಡತೊಡಗಿದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ನನ್ನ ಹೆಣ್ಣುಗಳೆಲ್ಲ ಆಗಲೇ ಬಸುರಿ. ಗಪ್ಪಿ ಹೆಣ್ಣು ಒಮ್ಮೆ ಕೂಡಿದರೆ ಸಾಕು, ಆ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು ಮತ್ತೆ ಮತ್ತೆ ಮರಿ ಹಾಕುತ್ತದೆ. ಅಂಥದಕ್ಕೆ ಗಂಡಿನ ಕುಣಿತ ಯಾಕೆ ಬೇಕು, ಅಲ್ವಾ? ಆಸಕ್ತಿ ತೋರುವುದು ಇನ್ನೂ ಕೂಡದ ಹೆಣ್ಣು, ಇಲ್ಲವೇ ಆಗಷ್ಟೇ ಮರಿ ಹಾಕಿದ್ದು. ಹಾಗಾಗಿ ಮರಿಗಳನ್ನೇ ಬೇರೆ ಮಾಡಿದೆ. ಗಂಡು ಮರಿಯ ಹೊಟ್ಟೆ ಕೆಳಗಿನ ರೆಕ್ಕೆ ಕಡ್ಡಿಯಂತೆ ಸಣ್ಣಗಾಗತೊಡಗುತ್ತದೆ. ಅದು ಕಂಡ ಕೂಡಲೇ ಎತ್ತಿ ಬೇರೆ ಟ್ಯಾಂಕಿಗೆ. ತಡ ಮಾಡಿದರೆ ಕೆಲಸ ಕೆಟ್ಟಿತು.

ವಾರಗಟ್ಟಲೆ ಕಾದದ್ದು ದಂಡವಾಗಲಿಲ್ಲ. ಒಂದು ದಿನ ಜಾಡಿ ತೆಗೆದು ಗಂಡನ್ನು ಬಿಟ್ಟೆ. ಅದು ಹೆಣ್ಣಿನ ಮುಂದೆ ಬಂದು, ಮೈಯನ್ನು ಹಾವಿನಂತೆ ಬಳುಕಿಸಿ, ರೆಕ್ಕೆಯೆಲ್ಲ ಬಿಚ್ಚಿ ಗಡಗಡ ನಡುಗಿತು. ಹೆಣ್ಣು ನಿಂತಿತು. ತಿರುಗಿತು. ಆಮೇಲೆ ನಿಧಾನಕ್ಕೆ, ನೀರಲ್ಲಿ ಜಾರಿದ ಹಾಗೆ, ಅದರತ್ತ ಹೋಯಿತು. ಇಷ್ಟು ವರ್ಷ ಟ್ಯಾಂಕ್ ಮುಂದೆ ಕೂತಿದ್ದೇನೆ, ಹೆಣ್ಣಿನ ಈ ನಡೆ ಒಮ್ಮೆಯೂ ಕಂಡಿರಲಿಲ್ಲ. ಅಷ್ಟರಲ್ಲಿ ಇನ್ನೊಂದು ಗಂಡು ಹಿಂದಿನಿಂದ ಬಂದು ನುಗ್ಗಿತು. ಕುಣಿತ ಇಲ್ಲ, ಏನಿಲ್ಲ. ಹೆಣ್ಣಿನ ಆಯ್ಕೆಯೇ ಯಾವಾಗಲೂ ನಡೆಯುತ್ತದೆ ಅಂತೇನಿಲ್ಲ.

ಕಿತ್ತಳೆಯೇ ಯಾಕೆ? ಆ ಬಣ್ಣಕ್ಕೆ ಬೇಕಾದ ಕ್ಯಾರೊಟಿನಾಯ್ಡ್‌ಗಳನ್ನು ಮೀನಿನ ಮೈ ತಾನೇ ತಯಾರಿಸಲಾರದು, ಪಾಚಿಯಂಥ ಆಹಾರದಿಂದ ಬರಬೇಕು. ಚೆನ್ನಾಗಿ ಮೇಯುವ, ಗಟ್ಟಿ ಗಂಡು ಅನ್ನೋದಕ್ಕೆ ಅದೊಂದು ಗುರುತು. ಆದರೆ ಹೊಳೆಯುವ ಗಂಡು ಬೇಟೆಗಾರ ಮೀನಿಗೂ ಬೇಗ ಕಾಣುತ್ತದೆ. ಜೀವವಿಜ್ಞಾನಿ ಜಾನ್ ಎಂಡ್ಲರ್ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪಾಯಕಾರಿ ಬೇಟೆಗಾರ ಮೀನು ಇಲ್ಲದ ಕೊಳಗಳಲ್ಲಿ ಗಂಡುಗಳ ಚುಕ್ಕೆ ಕೆಲವೇ ತಲೆಮಾರಿನಲ್ಲಿ ಹೆಚ್ಚಿದವು.

ನನ್ನ ಹೆಣ್ಣುಗಳಲ್ಲೂ ಹೆಚ್ಚಿನವು ಕಿತ್ತಳೆ ಕಡೆಗೇ ಹೋದವು. ಒಂದು ಮಾತ್ರ ಜಾಡಿ ಎಷ್ಟು ಸಲ ಬದಲಿಸಿದರೂ ಮಂಕು ಗಂಡನ್ನೇ ಹುಡುಕಿಕೊಂಡು ಹೋಗುತ್ತದೆ. ಅದಕ್ಕೆ ಏನು ಕಂಡಿತೋ! ಈಗ ಅವೆರಡನ್ನೇ ಒಂದು ಟ್ಯಾಂಕಿಗೆ ಬಿಟ್ಟಿದ್ದೇನೆ. ಅವುಗಳ ಹೆಣ್ಣು ಮರಿಗಳನ್ನೂ ಇದೇ ಜಾಡಿಗಳ ನಡುವೆ ಬಿಟ್ಟು ನೋಡಬೇಕು.